ಕೊಪ್ಪರಿಗೆಯಲ್ಲಿ ಬೆಂದ ಎಂಜಿನ್

ಮೇ ತಿಂಗಳ ಮೊದಲ ವಾರ, ಇಂಡಿ ಪಟ್ಟಣದ ನಿಂಬೆ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ, ಸಿಂದಗಿಯ ಮೆಕ್ಯಾನಿಕ್ ಉಸ್ತಾದರು ಹಳೆಯ ಲಾರಿಯೊಂದರ ಹ್ಯಾಂಡಲಿಗೆ ನೇತಾಡುತ್ತಿದ್ದರು. ಅಲಂಕಾರಕ್ಕಾಗಿ ಹೀಗೆ ಹೇಳುತ್ತಿಲ್ಲ. ಎಂಜಿನ್ ತಿರುಗಿಸಲು ಲಾರಿಯ ಮೂತಿಗೆ ಸಿಕ್ಕಿಸುವ ಕಬ್ಬಿಣದ ಹ್ಯಾಂಡಲ್ ಹಿಡಿದು, ಎರಡೂ ಕಾಲು ನೆಲದಿಂದ ಎತ್ತಿ, ಪೂರ್ತಿ ತೂಕ ಬಿಟ್ಟಿದ್ದರು. ತೂಕ ಎಂಬತ್ತೆರಡು ಕಿಲೋ ಎಂದು ಅವರೇ ಹೇಳಿದ್ದರಿಂದ ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಹ್ಯಾಂಡಲ್ ಕೂದಲೆಳೆಯಷ್ಟೂ ಅಲುಗಲಿಲ್ಲ.

“ಇಳೀರಿ ಉಸ್ತಾದ, ಅದು ಲಾರಿ ಐತಿ, ಜೋಕಾಲಿ ಅಲ್ಲ,” ಎಂದರು ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕುಳಿತಿದ್ದ ಆ ಮನೆಯ ಅಜ್ಜ.

ಆ ಲಾರಿ ಅಜ್ಜನದು. ಎರಡನೇ ಮಹಾಯುದ್ಧಕ್ಕೂ ಮೊದಲು ಅಮೆರಿಕದಿಂದ ಹಡಗಿನಲ್ಲಿ ಮುಂಬಯಿಗೆ ಬಂದಿಳಿದದ್ದು. ಅಜ್ಜನ ತಂದೆ ಅದನ್ನು ಕೊಂಡು, ಹತ್ತಿ, ಜೋಳ, ನಿಂಬೆ ಹೇರಿ ಸೊಲ್ಲಾಪುರಕ್ಕೆ ಓಡಿಸಿದರು. ಡೀಸೆಲ್ ಲಾರಿಗಳು ಬಂದ ಮೇಲೆ ಅದು ಹಿತ್ತಲ ತಗಡಿನ ಚಪ್ಪರ ಸೇರಿತು. ಸೇರಿ ಐವತ್ತೆರಡು ವರ್ಷವಾಗಿತ್ತು.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಆಟೋಮೊಬೈಲ್ ವಿಷಯ ಕಲಿಸುತ್ತೇನೆ. ಹಳೆಯ ಗಾಡಿಗಳ ಹುಚ್ಚನ್ನು ಯಾರಿಗೂ ಹೇಳಿಕೊಂಡವಳಲ್ಲ. ಉಪ್ಪಿನಕಾಯಿಗೆ ನಿಂಬೆ ಕೊಳ್ಳಲು ಹೋದವಳು ಹಿತ್ತಲಿನ ಕಡೆ ಇಣುಕಿ, ನಿಂಬೆ ಮರೆತು ನಲವತ್ತು ನಿಮಿಷ ನಿಂತುಬಿಟ್ಟೆ. ಅಜ್ಜನ ಮಗ ಬಂದು, “ಮೇಡಂ, ಲೋನಿನ ಕಡಿಂದ ಬಂದೀರೇನ್ರಿ? ಕಂತು ಎಲ್ಲಾ ತುಂಬೇವ್ರಿ,” ಎಂದರು. ನಾನು ಲಾರಿ ನೋಡುತ್ತಿದ್ದೇನೆ ಎಂದಾಗ ಅವರಿಗೆ ಇನ್ನೂ ಗಾಬರಿಯಾಯಿತು.

ಅಂದೇ ತಿಳಿದದ್ದು ಇದು. ಹಿತ್ತಲಲ್ಲಿ ನಿಂಬೆ ಪ್ಯಾಕಿಂಗ್ ಶೆಡ್ ಏಳಲಿತ್ತು. ಜೂನ್ ಮೊದಲ ಸೋಮವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬರುವುದು ಗೊತ್ತಾಗಿತ್ತು. ಮೂರು ಕಿಲೋಮೀಟರ್ ದೂರ, ಸಾಲೋಟಗಿ ರಸ್ತೆಯ ಅವರ ತೋಟದಲ್ಲಿ ಲಾರಿ ನಿಲ್ಲಿಸಲು ಜಾಗವೂ ಇತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಅರ್ಧ ಗಂಟೆಯ ಕೆಲಸ. ಆದರೆ ಅಜ್ಜ ಒಪ್ಪುತ್ತಿರಲಿಲ್ಲ.

“ಈ ಅಂಗಳಕ್ಕ ಅದು ತನ್ನ ಕಾಲ ಮ್ಯಾಲೆ ಬಂದೈತಿ. ಹೋಗೂದಾದ್ರ ತನ್ನ ಕಾಲ ಮ್ಯಾಲೇ ಹೋಗಬೇಕು. ಹಗ್ಗಾ ಕಟ್ಟಿ ಎಳದ್ರ ಅದು ಹೆಣ. ಹೆಣಾ ತೋಟಕ್ಕ್ಯಾಕ? ಗುಜರಿಯವ ಬಂದು ಒಡಕೊಂಡ ಹೋಗಲಿ.”

ಮಗ ಕೈಚೆಲ್ಲಿ ಗುಜರಿಯವನಿಗೆ ಹೇಳಿಯಾಗಿತ್ತು. ಯಾರನ್ನೂ ಏನನ್ನೂ ಕೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಅಂದು ಕೇಳಿದೆ. ಬೇಸಿಗೆ ರಜೆ ಇದೆ, ಐದು ವಾರ ಕೊಡಿ, ನಡೆಸಿ ತೋರಿಸುತ್ತೇನೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆತು ನೋಡವಾ. ಸೋಮವಾರ ಎಂಟರೊಳಗ ಗೇಟ್ ದಾಟಿದ್ರ ತೋಟಕ್ಕ. ಇಲ್ಲಾಂದ್ರ ಗುಜರಿಗಿ,” ಎಂದರು. ನಾನು ಸಿಂದಗಿಗೆ ಹೋಗಿ, ಆ ಕಾಲದ ಗಾಡಿಗಳ ಮೇಲೆ ಕೈ ಕಲಿತ ಉಸ್ತಾದರನ್ನು ಒಪ್ಪಿಸಿ ಕರೆತಂದೆ.

ಮೊದಲ ಒಂಬತ್ತು ದಿನ ನಾವು ಮಾಡಿದ್ದೆಲ್ಲ ದಂಡ. ಎಂಜಿನ್ ಆರು ಸಿಲಿಂಡರಿನದು. ಆರೂ ಪಿಸ್ಟನ್ ತಾವಿದ್ದಲ್ಲೇ ಹಿಡಿದುಕೊಂಡು ಕೂತಿದ್ದವು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಿಂದ ಸೀಮೆಎಣ್ಣೆ ಹುಯ್ದೆವು. ಎರಡು ದಿನ ಬಿಟ್ಟು ಡೀಸೆಲ್. ಮತ್ತೆರಡು ದಿನಕ್ಕೆ ತುಕ್ಕು ಬಿಡಿಸುವ ಸ್ಪ್ರೇ. ಆರನೇ ದಿನ ಉಸ್ತಾದರು ಕಪ್ಪು ತಂಪು ಪಾನೀಯದ ದೊಡ್ಡ ಬಾಟಲಿ ತಂದು, ಇದು ತಮ್ಮ ಗುರುಗಳ ಗುಟ್ಟಿನ ಮದ್ದು ಎಂದರು. ಅರ್ಧ ಎಂಜಿನ್ನಿಗೆ ಹುಯ್ದು ಉಳಿದರ್ಧ ಅವರೇ ಕುಡಿದರು. ಅವರಿಗೆ ತೇಗು ಬಂತು, ಎಂಜಿನ್ನಿಗೆ ಏನೂ ಬರಲಿಲ್ಲ.

ಒಂಬತ್ತನೇ ದಿನ ಅವರು ಹತ್ತು ಪೌಂಡಿನ ಸುತ್ತಿಗೆ ಹೊತ್ತು ಬಂದರು.

“ತಲೀ ಬಿಚ್ಚೂಣ್ರಿ ಮೇಡಂ. ಪಿಸ್ಟನ್ ಮ್ಯಾಲೆ ಕಟಗಿ ತುಂಡ ಇಟ್ಟು ನಾಕ್ ಬಿಗದ್ನೆಂದ್ರ, ತಾನಾಗೇ ಸಲಾಂ ಹೊಡೀತೈತಿ.”

“ಎರಕದ ಕಬ್ಬಿಣ ಉಸ್ತಾದ್. ಸೀಳಿದರೆ ಇನ್ನೊಂದು ಸಿಗುವುದಿಲ್ಲ.”

“ಸೀಳೂದಿಲ್ರಿ.”

“ಸೀಳಿದರೆ?”

ಅವರು ಸುತ್ತಿಗೆ ಕೆಳಗಿಟ್ಟು ಆಕಾಶ ನೋಡಿದರು. ಸಿಲಿಂಡರ್ ತಲೆಯನ್ನು ಬಿಚ್ಚಲು ಮಾತ್ರ ಒಪ್ಪಿದೆ. ಬಿಚ್ಚಿದಾಗ ನನಗೆ ಆಶ್ಚರ್ಯವಾದದ್ದು ತುಕ್ಕು ಕಾಣದ್ದಕ್ಕೆ. ಅದರ ಬದಲು ಪಿಸ್ಟನ್‌ಗಳ ಮೇಲೆ, ಸಿಲಿಂಡರ್ ಗೋಡೆಗಳ ಮೇಲೆ ಜೇನುಬಣ್ಣದ ಒಂದು ಪದರ. ಗಾಜಿನಂತೆ ಹೊಳೆಯುತ್ತಿತ್ತು. ಉಗುರಿಗೆ ಅಂಟುತ್ತಿತ್ತು, ಎದ್ದು ಬರುತ್ತಿರಲಿಲ್ಲ. ಇದು ಯಾವ ಎಂಜಿನ್ ಎಣ್ಣೆಯ ಶೇಷ ಎಂದು ನಾನು ಫೋನಿನಲ್ಲಿ ಅಮೆರಿಕದ ಹಳೇ ಗಾಡಿಯವರ ಚರ್ಚೆಗಳನ್ನೆಲ್ಲ ಹುಡುಕುತ್ತಿದ್ದೆ.

ಆಗ ಅಜ್ಜನ ಸೊಸೆ ಚಹಾ ತಂದರು. ಆ ಮನೆಯ ಹನ್ನೊಂದು ಜನರ ಅಡುಗೆ ನೋಡಿಕೊಳ್ಳುವವರು ಅವರು. ಬಿಚ್ಚಿಟ್ಟ ಪ್ಲಗ್ ಒಂದನ್ನು ಎತ್ತಿಕೊಂಡು, ಅಂಚನ್ನು ಉಗುರಿನಿಂದ ಕೆರೆದು ಮೂಸಿದರು.

“ಇದು ನಮ್ಮ ಭಜಿ ಕಡಾಯಿ ಆಗೇತಲ್ರಿ!”

“ಹಾಗೆಂದರೆ?” ಎಂದೆ.

“ಕುಸುಬಿ ಎಣ್ಣಿ ಕಟ್ಟೇತ್ರಿ. ಕಡಾಯಿ ಅಂಚಿಗಿ ಹಿಂಗ ಅಂಟಿ ಕುಂಡ್ರತೈತಿ. ಸೀಮಿಎಣ್ಣಿ ಹಚ್ಚಿದ್ರ ಅದು ನಮ್ಮನ್ನ ನೋಡಿ ನಗತೈತಿ. ಸ್ವಾಡಾ ಹಾಕಿ ಗಳಗಳ ಕುದಸಬೇಕ್ರಿ, ಆಗ ಬಿಡತೈತಿ.”

ಕುಸುಬೆ ಒಣಗುವ ಎಣ್ಣೆ. ತೆಳುವಾಗಿ ಹರಡಿ ಗಾಳಿಗೆ ಬಿಟ್ಟರೆ ಆವಿಯಾಗಿ ಹೋಗುವುದಿಲ್ಲ, ಅಲ್ಲೇ ಗಟ್ಟಿಯಾಗುತ್ತದೆ. ಚಿತ್ರ ಬರೆಯುವವರು ಬಣ್ಣಕ್ಕೆ ಸೇರಿಸುವುದೂ ಅದಕ್ಕೇ. ಒಮ್ಮೆ ಗಟ್ಟಿಯಾದದ್ದು ಸೀಮೆಎಣ್ಣೆಗೆ ಕರಗುವುದಿಲ್ಲ. ಇದನ್ನು ನಾನೇ ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಕ್ಕೆ ಕೇಳಿದ್ದೆ. ಕುಸುಬೆ ಬೆಳೆಯುವ ಜಿಲ್ಲೆಯಲ್ಲೇ ಬೆಳೆದವಳು ಒಂಬತ್ತು ದಿನ ಅದರ ಮುಂದೆ ಕೂತು ಗುರುತಿಸಲಿಲ್ಲ.

“ಆದರೆ ಕುಸುಬೆ ಎಣ್ಣೆ ಎಂಜಿನ್ನಿನೊಳಗೆ ಹೇಗೆ ಬಂತು?”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಸಿನ ಕಡೆ ನೋಡಿದರು. ಅಜ್ಜ ಅಲ್ಲಿ ನಿದ್ದೆ ಹೋಗಿದ್ದರು.

“ನಾ ಹೇಳೀನಂತ ಹೇಳಬ್ಯಾಡ್ರಿ ಮತ್ತ. ವರ್ಷಾ ಖಂಡೇನವಮಿಗಿ ಮಾವಾರು ಇದಕ್ಕ ಎಣ್ಣಿ ಕುಡಸ್ತಾರ್ರಿ. ಆ ಪ್ಲಗ್ ಬಿಚ್ಚಿ ಒಂದೊಂದು ತೂತಿಗಿ ಒಂದೊಂದು ವಾಟಗ. ಗಾಣದ್ದ ಎಣ್ಣಿ. ಮನ್ಯಾಗ ಒಗ್ಗರಣಿಗಿ ಎಣ್ಣಿ ಇರಲಿಲ್ಲಂದ್ರೂ ಲಾರಿಗಿ ಇಟ್ಟಿರಬೇಕು.”

ನಮ್ಮ ಕಡೆ ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಎಣ್ಣೆ, ಕುಂಕುಮ ಸಲ್ಲುತ್ತದೆ. ಹಚ್ಚುವುದು ಮೈಗೆ. ಅಜ್ಜ ಒಂದು ಹೆಜ್ಜೆ ಮುಂದೆ ಹೋಗಿ ಹೊಟ್ಟೆಗೆ ಹಾಕಿದ್ದರು. ಐವತ್ತೆರಡು ಖಂಡೇನವಮಿ, ಆರು ಸಿಲಿಂಡರ್, ಒಂದೊಂದಕ್ಕೆ ಒಂದೊಂದು ಬಟ್ಟಲು.

ಉಸ್ತಾದರಿಗೆ ಹೇಳಿದಾಗ ಅವರು ಲಾರಿಯ ಹಿಂದೆ ಹೋಗಿ ಕೂತು ಸದ್ದಿಲ್ಲದೆ ಹೆಗಲು ಕುಣಿಸಿ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಸಾವಕಾರ್ರಿಗೆ ಹೇಳೂದು ಬ್ಯಾಡ್ರಿ ಮೇಡಂ. ಮಕ್ಕಳಿಗಿಂತ ಹೆಚ್ಚ ಜ್ವಾಕಿ ಮಾಡ್ಯಾರ,” ಎಂದರು. ನನಗೂ ಹೇಳುವ ಧೈರ್ಯ ಇರಲಿಲ್ಲ. ಸೊಸೆಗೆ ಮಾತು ಕೊಟ್ಟಿದ್ದೇನೆ ಎಂಬುದು ಒಳ್ಳೆಯ ನೆಪವಾಯಿತು.

ಇನ್ನು ಎಂಜಿನ್ನನ್ನು ಕುದಿಸಬೇಕು. ಇಷ್ಟು ದೊಡ್ಡ ಪಾತ್ರೆ ಮದುವೆ ಅಡುಗೆಯವರಲ್ಲೂ ಇಲ್ಲ. ಉಸ್ತಾದರ ಪರಿಚಯದವರೊಬ್ಬರಿಗೆ ಮೋರಟಗಿಯ ಹತ್ತಿರ ಬೆಲ್ಲದ ಗಾಣ ಇತ್ತು. ಅಲ್ಲಿ ತಳ ತೂತಾಗಿ ಮೂಲೆಗೆ ಬಿದ್ದ ಕೊಪ್ಪರಿಗೆ ಒಂದಿದೆ ಎಂದು ಹೋದೆವು.

“ಏನ್ ಕುದಸವ್ರಿದ್ದೀರಿ?” ಎಂದರು ಗಾಣದವರು.

“ಲಾರಿ,” ಎಂದರು ಉಸ್ತಾದರು.

“ಹೇಳೂದಿಲ್ಲಂದ್ರ ಬಿಡು ಮಾರಾಯಾ, ಚ್ಯಾಷ್ಟಿ ಯಾಕ ಮಾಡ್ತಿ?” ಎಂದು ಅವರು ಸಿಟ್ಟಿನಿಂದಲೇ ಕೊಪ್ಪರಿಗೆ ಹೊರಿಸಿ ಕಳಿಸಿದರು. ತಿರುಗಿ ತರುವುದು ಬೇಡ ಎಂದೂ ಹೇಳಿದರು.

ತೂತಿಗೆ ಉಸ್ತಾದರು ಹಿತ್ತಾಳೆಯ ಬೆಸುಗೆ ಹಾಕಿದರು. ಬೇವಿನ ದಪ್ಪ ಟೊಂಗೆಗೆ ಸರಪಳಿ ರಾಟೆ ಕಟ್ಟಿ ಎಂಜಿನ್ ಎತ್ತಿದೆವು. ಕುದಿಸುವ ವಿಧಾನವನ್ನು ನಾನು ಕಾಗದದ ಮೇಲೆ ಬರೆದುಕೊಂಡಿದ್ದೆ. ಹಳೆಯ ಎಂಜಿನ್ನುಗಳಲ್ಲಿ ಬೇರಿಂಗುಗಳಿಗೆ ಮೃದುವಾದ ಬಿಳಿ ಲೋಹ ಎರೆದಿರುತ್ತಾರೆ. ಅದಕ್ಕೆ ಸೋಡಾ ತಾಗಬಾರದು. ಪಿಸ್ಟನ್‌ಗಳೋ ಎರಕದ ಕಬ್ಬಿಣದವು, ಅವಕ್ಕೆ ಭಯವಿಲ್ಲ. ಹಾಗಾಗಿ ಅಡ್ಡ ದಂಡವನ್ನು, ಅಂದರೆ ಕ್ರ್ಯಾಂಕನ್ನು ತೆಗೆದಿಟ್ಟು, ಎಂಜಿನ್ನನ್ನು ತಲೆಕೆಳಗು ಮಾಡಿ ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಕೂರಿಸಬೇಕು. ನೀರು ಸಿಲಿಂಡರಿನ ಮುಕ್ಕಾಲು ಎತ್ತರದ ಗುರುತು ದಾಟಬಾರದು. ಬೇರಿಂಗುಗಳೆಲ್ಲ ಮೇಲೆ, ಗಾಳಿಯಲ್ಲಿ. ಬಟ್ಟೆ ಒಗೆಯುವ ಸೋಡಾ ನೂರು ಲೀಟರಿಗೆ ಎಂಟು ಕಿಲೋ.

ಉರಿ ಮಾತ್ರ ನನ್ನ ಕಾಗದದಲ್ಲಿ ಇರಲಿಲ್ಲ. ಅದನ್ನು ಸೊಸೆ ವಹಿಸಿಕೊಂಡರು. ತೊಗರಿ ಕಟ್ಟಿಗೆ ಹೊರೆಗಟ್ಟಲೆ ಬಂತು. “ಉರಿ ಸಣ್ಣಗ ಇಡ್ರಿ ಉಸ್ತಾದ, ಬುಡಾ ಹತ್ತತೈತಿ,” ಎಂದು ಅವರು ಗದರಿದರೆ, ನಲವತ್ತು ವರ್ಷ ಎಂಜಿನ್ ಬಿಚ್ಚಿದ ಉಸ್ತಾದರು “ಹೂನ್ರಿ ಅಕ್ಕಾ” ಎಂದು ಕೊಳ್ಳಿ ಹಿಂದೆ ಎಳೆಯುತ್ತಿದ್ದರು.

ಎರಡು ಹಗಲು ಕುದಿಸಿದೆವು. ಸಾಲೋಟಗಿ ರಸ್ತೆಗೆ ಹೊಗೆ ಕಾಣುತ್ತಿದ್ದರಿಂದ ಜನ ತಡೆಯಿಲ್ಲದೆ ಬಂದರು. ನಿಂಬೆ ಕೊಳ್ಳಲು ಬಂದವರೊಬ್ಬರು ಯಾರ ಮನೆಯ ಊಟ ಎಂದು ಕೇಳಿ, ಇಣುಕಿ ನೋಡಿ, ನಿಂಬೆ ಬಿಟ್ಟು ಹೋದರು. ಇನ್ನೊಬ್ಬ ಹಿರಿಯರು ಬಹಳ ಹೊತ್ತು ನಿಂತು, “ಬೆಂದತೇನ್ರಿ?” ಎಂದರು.

“ಇನ್ನೂ ಬಿರುಸ ಐತ್ರಿ,” ಎಂದರು ಉಸ್ತಾದರು ಗಂಭೀರವಾಗಿ.

ಅಜ್ಜನಿಗೂ ಸಂಭ್ರಮ. “ಯಾಕವಾ ಕುದಸಾಕತ್ತೀರಿ?” ಎಂದು ದಿನಕ್ಕೆ ನಾಲ್ಕು ಸಲ ಕೇಳಿದರು. “ಒಳಗೆ ಹಳೇ ಜಿಡ್ಡು ಕಟ್ಟಿದೆ ಅಜ್ಜ,” ಎಂದು ನಾಲ್ಕು ಸಲವೂ ಹೇಳಿದೆ. ಅದು ಸುಳ್ಳಲ್ಲ.

ಎರಡನೇ ದಿನ ಮಧ್ಯಾಹ್ನ ನೊರೆ ಎದ್ದಿತು. ಎಣ್ಣೆ ಸೋಡಾ ಸೇರಿ ಸಾಬೂನಾಗುತ್ತಿತ್ತು. ಸೊಸೆ ಕೋಲಿನಿಂದ ನೊರೆ ಎತ್ತಿ ನೋಡಿ, “ಇಳಸ್ರಿ,” ಎಂದರು. ಇಳಿಸಿ, ಬಿಸಿಯಿರುವಾಗಲೇ ಒಂದನೇ ಪಿಸ್ಟನ್ ಮೇಲೆ ಬೇವಿನ ತುಂಡಿಟ್ಟು, ಸಣ್ಣ ಸುತ್ತಿಗೆಯಿಂದ ಬಡಿದೆ. ಮೂರನೇ ಏಟಿಗೆ ಅದು ಬೆಣ್ಣೆಯಲ್ಲಿ ಸರಿದ ಹಾಗೆ ಸರಿಯಿತು. ನಾಲ್ಕನೆಯದು ಮಾತ್ರ ಹಟ ಮಾಡಿದ್ದರಿಂದ ಅದಕ್ಕೆ ಇನ್ನೊಂದು ಗಂಟೆ ಬೇಯಿಸಬೇಕಾಯಿತು. ಒರೆಸಿ ಟಾರ್ಚ್ ಹಾಕಿದಾಗ ಸಿಲಿಂಡರ್ ಗೋಡೆಗಳು ಹೊಸ ಪಾತ್ರೆಯ ಹಾಗೆ ಹೊಳೆದವು. ಆರರ ಅಳತೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಉಳಿದ ದಿನಗಳು ಓಡಾಟದಲ್ಲಿ ಹೋದವು. ರೇಡಿಯೇಟರ್ ಬಸವನ ಬಾಗೇವಾಡಿಯಲ್ಲಿ ಬೆಸುಗೆಯಾಯಿತು. ಹೊರ್ತಿಯಲ್ಲಿ ಕಬ್ಬಿನ ಟ್ರಾಲಿಯವರೊಬ್ಬರು ಬಿಚ್ಚಿಟ್ಟಿದ್ದ ಇಪ್ಪತ್ತು ಇಂಚಿನ ಟೈರುಗಳು ನಮ್ಮ ಚಕ್ರಕ್ಕೆ ಸರಿಹೋದವು. ಬೋಲ್ಟುಗಳಿಗಾಗಿ ಸೊಲ್ಲಾಪುರದ ಗುಜರಿ ಬಜಾರಿಗೆ ಹೋದಾಗ ಇದೇ ಜಾತಿಯ ಇನ್ನೊಂದು ಎಂಜಿನ್ ಕಂಡಿತು. ಅದರ ಸಿಲಿಂಡರುಗಳನ್ನು ತುಕ್ಕು ಗೆದ್ದಲಿನ ಹಾಗೆ ತಿಂದಿತ್ತು. ಒಂದು ಫೋಟೋ ತೆಗೆದುಕೊಂಡು ಬೋಲ್ಟ್ ಬಿಚ್ಚಿಕೊಂಡು ಬಂದೆ. ಕಾರ್ಬ್ಯುರೇಟರಿನೊಳಗಿನ ಬೆಂಡಿನ ತೇಲುಗುಂಡು ಈಗಿನ ಪೆಟ್ರೋಲಿಗೆ ತನ್ನ ಅರಗಿನ ಲೇಪ ಕಳೆದುಕೊಂಡು ಎರಡು ಸಲ ಮುಳುಗಿತು. ಮೂರನೇ ಸಲ ಹಿತ್ತಾಳೆಯದು ಮಾಡಿಸಿದೆವು.

ಶನಿವಾರ ಸಂಜೆಗೆ ಎಲ್ಲ ಜೋಡಣೆ ಮುಗಿಯಿತು. ಹ್ಯಾಂಡಲನ್ನು ಒಂದೇ ಕೈಯಲ್ಲಿ ತಿರುಗಿಸಬಹುದಿತ್ತು. ಭಾನುವಾರ ಬೆಳಿಗ್ಗೆ ಚಾಲೂ ಮಾಡುವುದು, ಸಂಜೆಯೊಳಗೆ ತೋಟ ಸೇರಿಸುವುದು ಎಂದು ನಿಶ್ಚಯಿಸಿ ಮನೆಗೆ ಹೋದೆವು.

ಚಾಲೂ ಮಾಡುವ ಮೊದಲು ಎಂಜಿನ್ನನ್ನು ನಿಧಾನವಾಗಿ ಎರಡು ಸುತ್ತು ಕೈಯಿಂದ ತಿರುಗಿಸುವುದು ನನ್ನ ಅಭ್ಯಾಸ. ಭಾನುವಾರ ಬೆಳಿಗ್ಗೆ ಹಾಗೇ ತಿರುಗಿಸಿದೆ. ಕಾಲು ಸುತ್ತಿಗೆ ಹ್ಯಾಂಡಲ್ ಗೋಡೆಗೆ ಬಡಿದಂತೆ ನಿಂತಿತು.

“ಮತ್ತ ಹಿಡೀತಲ್ರೀ ಮೇಡಂ!” ಉಸ್ತಾದರ ದನಿ ಕೀರಲಾಯಿತು.

ಪ್ಲಗ್ ಬಿಚ್ಚಿದೆ. ಒಳಗೆ ಟಾರ್ಚ್ ಬಿಟ್ಟೆ. ಬಂಗಾರದ ಬಣ್ಣದ ಎಣ್ಣೆ ತುಂಬಿ ತುಳುಕುತ್ತಿತ್ತು. ವಾಸನೆ ನೋಡುವ ಅಗತ್ಯ ಇರಲಿಲ್ಲ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಹಾಗಾಗಿ ಪಿಸ್ಟನ್ ಮೇಲೇರದೆ ನಿಂತಿತ್ತು. ಕೈಯಿಂದ ತಿರುಗಿಸದೆ ನೇರ ಬ್ಯಾಟರಿಯಿಂದ ಚಾಲೂ ಮಾಡಿದ್ದರೆ ಪಿಸ್ಟನ್ನಿನ ದಂಡವೇ ಬಾಗುತ್ತಿತ್ತು.

ಅಜ್ಜ ಹೊರಸಿನ ಮೇಲೆ ಮಡಿ ಧೋತರ ಉಟ್ಟು, ವಿಭೂತಿ ಹಚ್ಚಿ ಕೂತಿದ್ದರು.

“ಅಜ್ಜಾರ, ಎಣ್ಣಿ ಹಾಕೀರೇನ್ರಿ?” ಗಾಬರಿಯಲ್ಲಿ ನನ್ನ ಬಾಯಲ್ಲಿ ಮನೆಯ ಮಾತೇ ಬಂತು.

“ಹಾಕೇನಿ! ನಸುಕಿನ್ಯಾಗ ಎದ್ದು ನನ್ನ ಪಾನಾ ತಗೊಂಡು ನಾನ ಪ್ಲಗ್ ಬಿಚ್ಚೇನಿ. ಒಳಗಿನ ಎಣ್ಣಿ ಎಲ್ಲಾ ನೀವು ಕುದಿಸಿ ತಗದೀರಿ. ಇಷ್ಟ ವರ್ಷದ ಮ್ಯಾಲೆ ಹೊರಗ ಹೊಂಟೈತಿ, ಬರೇ ಹೊಟ್ಟೀಲೆ ಕಳಸೂದೇನು? ಎರಡೆರಡು ವಾಟಗ ಹಾಕೇನಿ.”

ಸೊಸೆ ಗೋಡೆಯ ಕಡೆ ಮುಖ ತಿರುಗಿಸಿದರು. ಉಸ್ತಾದರಿಗೆ ಇದ್ದಕ್ಕಿದ್ದಂತೆ ಲಾರಿಯ ಕೆಳಗೆ ತುರ್ತು ಕೆಲಸ ಕಂಡು, ಅವರ ಕಾಲುಗಳು ಮಾತ್ರ ಹೊರಗೆ ಉಳಿದವು. ಹೇಳುವವಳು ನಾನೊಬ್ಬಳೇ. ಹೇಳದೆ ಈ ಎಣ್ಣೆ ತೆಗೆಯಬಹುದಿತ್ತು. ಆದರೆ ತೋಟದಲ್ಲಿ ಮುಂದಿನ ಖಂಡೇನವಮಿ ಬರುತ್ತದೆ. ತರಗತಿಯಲ್ಲಿ ತಪ್ಪು ತಿದ್ದುವುದು ಸುಲಭ, ಕೆಂಪು ಗೆರೆ ಎಳೆದರೆ ಸಾಕು. ಇಲ್ಲಿ ನಿಂತು, ಮುಖ ನೋಡಿ ಹೇಳಬೇಕು.

“ಅಜ್ಜ, ಎಂಜಿನ್ ಹಿಡಿದು ನಿಂತಿದ್ದು ಈ ಎಣ್ಣೆಯಿಂದ. ಕುಸುಬೆ ಎಣ್ಣೆ ಒಣಗಿ ಅಂಟಾಗುತ್ತದೆ. ನಾವು ಕುದಿಸಿ ತೆಗೆದದ್ದು ಅದನ್ನೇ.”

ಅವರು ಹೊರಸಿನ ಅಂಚು ಹಿಡಿದುಕೊಂಡು ಲಾರಿಯ ಕಡೆ ತಿರುಗಿದರು.

“ಅಂದ್ರ,” ಎಂದರು, “ಐವತ್ತೆರಡು ವರ್ಷ ನಾನು ಇದಕ್ಕ ಉಪ್ಪಿನಕಾಯಿ ಹಾಕೇನಿ?”

ಲಾರಿಯ ಕೆಳಗಿನಿಂದ ಒಂದು ಕೆಮ್ಮು ಬಂತು.

“ಅಪ್ಪ ಸಾಯೂ ಮುಂದ ಗಾಡಿ ನೋಡ್ಕೋ ಅಂದಿದ್ದ. ನೋಡ್ಕೊಂಡೆ ನೋಡು.” ಅಜ್ಜ ಎದ್ದರು. “ಬಿಡವಾ. ಗುಜರಿಯವಗ ಬರಾಕ್ ಹೇಳ್ರಿ. ನಾನ ಕೊಂದ ಗಾಡ್ಯಾಗ ನಾ ಹೆಂಗ ಕುಂಡ್ರಲಿ?” ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಸೊಸೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಉಸ್ತಾದರು ಹೊರಬಂದು, “ನಾ ಎಣ್ಣಿ ಖಾಲಿ ಮಾಡ್ತೇನ್ರಿ. ನೀವು ಸಾವಕಾರ್ರನ್ನ ನೋಡ್ರಿ. ಮನಸ್ಸು ಮುರದಾಕೀನ ಕಟ್ಟಬೇಕು,” ಎಂದರು.

ನಾನು ಅರ್ಧ ಸತ್ಯ ಹೇಳಿದ್ದೆ. ಉಳಿದರ್ಧ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತೆ. ಸಮಾಧಾನದ ಮಾತು ನನಗೆ ಬರುವುದಿಲ್ಲ. ಓದಲು ಬರುತ್ತದೆ.

“ಅಜ್ಜ, ಒಂದನೇ ಸಿಲಿಂಡರ್. ಎಂಬತ್ತೊಂಬತ್ತು ಪಾಯಿಂಟ್ ಸೊನ್ನೆ ನಾಲ್ಕು ಮಿಲಿಮೀಟರ್. ತುಕ್ಕು ಇಲ್ಲ. ಎರಡನೇದು, ಎಂಬತ್ತೊಂಬತ್ತು ಪಾಯಿಂಟ್ ಸೊನ್ನೆ ಐದು. ತುಕ್ಕು ಇಲ್ಲ. ಮೂರನೇದು…”

ಆರೂ ಓದಿ ಮುಗಿಸಿದೆ. ಇನ್ನೇನು ಮಾಡಬೇಕೋ ತಿಳಿಯದೆ ಮತ್ತೆ ಒಂದರಿಂದ ಶುರು ಮಾಡಿದೆ.

“ಕೇಳೀನಿ,” ಎಂದರು ಅಜ್ಜ ಒಳಗಿಂದಲೇ. “ತುಕ್ಕ ಇಲ್ಲಂದ್ರ ಏನಾತು?”

“ತುಕ್ಕು ಬಿದ್ದ ಎಂಜಿನ್ ಕುದಿಸಿದರೂ ಬರುವುದಿಲ್ಲ ಅಜ್ಜ. ಎಣ್ಣೆ ಹಾಕದೆ ಬಿಟ್ಟಿದ್ದರೆ ತುಕ್ಕು ಬೀಳುತ್ತಿತ್ತು. ಹಿಡಿದು ನಿಲ್ಲಿಸಿದ್ದೂ ಎಣ್ಣೆಯೇ, ಉಳಿಸಿದ್ದೂ ಎಣ್ಣೆಯೇ.”

“ಮನಸ್ಸಿಗಿ ಹತ್ತಬಾರದಂತ ಹೇಳಾಕತ್ತಿ.”

“ನನಗೆ ಹಾಗೆ ಹೇಳಲು ಬರುವುದಿಲ್ಲ,” ಎಂದೆ. ಸೊಲ್ಲಾಪುರದ ಫೋಟೋ ತೆರೆದು, ಫೋನನ್ನು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ಸರಿಸಿದೆ. “ಇದು ಇದೇ ಜಾತಿಯ ಎಂಜಿನ್. ಇದಕ್ಕೆ ಯಾರೂ ಏನೂ ಹಾಕಿರಲಿಲ್ಲ.”

ಹಿತ್ತಲಲ್ಲಿ ಉಸ್ತಾದರು ಪ್ಲಗ್ ಬಿಚ್ಚಿದ ಎಂಜಿನ್ನನ್ನು ರಭಸದಿಂದ ತಿರುಗಿಸಿದ್ದು ಕೇಳಿತು. ಹಿಂದೆಯೇ ಒಂದು ಕೂಗು. ಜೆಸಿಬಿಯವರಿಗೆ ಜಾಗ ತೋರಿಸಲು ಅದೇ ಹೊತ್ತಿಗೆ ಬಂದಿದ್ದ ಅಜ್ಜನ ಮಗನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಆರು ತೂತಿನಿಂದಲೂ ಎಣ್ಣೆ ಚಿಮ್ಮಿತ್ತು.

“ಅಯ್ಯಯ್ಯೋ! ಏನ್ ಹಾಕೀರೋ ಇದರಾಗ?”

“ನಿಮ್ಮಪ್ಪಾರ ಹಾಕ್ಯಾರ್ರಿ. ಶುದ್ಧ ಗಾಣದ್ದ ಐತಿ, ಚರ್ಮಕ್ಕ ಚಲೋರಿ,” ಎಂದರು ಉಸ್ತಾದರು.

ಬಾಗಿಲ ಹಿಂದೆ ಅಜ್ಜ ನಕ್ಕದ್ದು ಕೇಳಿತು. ಬಾಗಿಲು ತೆರೆಯಿತು. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು.

“ಇದಕ್ಕ ಒಂದ ವಾಟಗ ಹಾಕವ್ರು ಯಾರೂ ಇರಲಿಲ್ಲಲ್ಲವಾ,” ಎಂದರು, ಸತ್ತವರ ಮನೆಯ ಸುದ್ದಿ ಕೇಳಿದಂತೆ. ಫೋನ್ ನನ್ನ ಕೈಗಿಟ್ಟರು. “ನಡಿ. ಏನೇನ್ ತಗೀಬೇಕು ತಗಿ.”

ತೆಗೆಯುವುದು ಬಹಳ ಇತ್ತು. ಎಣ್ಣೆ ರಿಂಗುಗಳ ಸಂದಿಯಿಂದ ಇಳಿದು ಎಂಜಿನ್ ಆಯಿಲ್ ಜೊತೆ ಬೆರೆತಿತ್ತು. ಪೂರ್ತಿ ಬಸಿದು, ಹೊಸದು ತುಂಬಿ, ಅದನ್ನೂ ಒಮ್ಮೆ ಬಸಿದು ಮತ್ತೆ ತುಂಬಿದೆವು. ತೆರೆದ ವಾಲ್ವುಗಳಿಂದ ಹೊಗೆ ಕೊಳವೆಗೆ ಹೋದ ಎಣ್ಣೆಯನ್ನು ಮಾತ್ರ ತೆಗೆಯಲು ಆಗಲಿಲ್ಲ. ಅದು ಉರಿದು ಹೋಗಲಿ ಎಂದು ಬಿಟ್ಟೆವು.

ಮಧ್ಯಾಹ್ನ ನಾಲ್ಕಕ್ಕೆ ಮೊದಲ ಪ್ರಯತ್ನ. ಏನೂ ಇಲ್ಲ. ಕಿಡಿಯ ಸಮಯವನ್ನು ಎರಡು ಡಿಗ್ರಿ ಹಿಂದೆ ಸರಿಸಿದೆ. ಎರಡನೇ ಸಲ ಒಂದು ಸೀನು. ಆರನೇ ಸಲ ಉಸ್ತಾದರು “ಯಾ ಅಲ್ಲಾ” ಎಂದು ಹ್ಯಾಂಡಲ್ ಎಳೆದರು. ಒಂದು ಸಿಲಿಂಡರ್ ಹೊಡೆಯಿತು, ಮೂರು ಹೊಡೆದವು, ಆಮೇಲೆ ಆರೂ. ಚಪ್ಪರದ ತಗಡು ಗಡಗಡ ನಡುಗಿತು. ಹೊಗೆ ಕೊಳವೆಯಿಂದ ದಟ್ಟ ಬಿಳಿ ಹೊಗೆ ಎದ್ದು ಹಿತ್ತಲು ದಾಟಿ ರಸ್ತೆಗೆ ಹರಡಿತು. ಇಡೀ ಓಣಿ ಭಜಿ ಕರಿದ ವಾಸನೆಯಿಂದ ಘಮಘಮಿಸಿತು. ಗೇಟಿನ ಹತ್ತಿರ ಇಬ್ಬರು ಬಂದು, “ಎಷ್ಟಕ್ಕ ಪ್ಲೇಟ್ ರೀ?” ಎಂದು ಕೇಳಿಯೂ ಕೇಳಿದರು.

ಉಸ್ತಾದರು ಕೈ ಒರೆಸಿಕೊಂಡು ಡ್ರೈವರ್ ಬಾಗಿಲಿಗೆ ಹೋದರು. ಅಜ್ಜ ತಡೆದರು.

“ನೀ ಹಿಂದ ಹತ್ತು ಉಸ್ತಾದ. ಕುದಿಸಿದಾಕಿ ಹೊಡೀಲಿ.”

“ನಾನೂ ಕುದಿಸೇನ್ರಿ ಸಾವಕಾರ್ರ.”

“ನೀ ಕಟಗಿ ಹಾಕಿದಿ.”

ನಾನು ಹತ್ತಿ ಕೂತೆ, ಅಜ್ಜ ಪಕ್ಕದಲ್ಲಿ ಕೂತರು. ಆ ಕಾಲದ ಗೇರಿಗೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ನಡುವೆ ಎಂಜಿನ್ನಿನ ವೇಗ ಹೊಂದಿಸಬೇಕು. ಪುಸ್ತಕದಲ್ಲಿ ಓದಿದ್ದೆ, ಮಾಡಿದ್ದು ಅದೇ ಮೊದಲು. ಮೊದಲನೇ ಗೇರ್ ಬೀಳುವಾಗ ಆದ ಸದ್ದಿಗೆ ಅಜ್ಜ ಕಣ್ಣು ಮುಚ್ಚಿಕೊಂಡರು. ಲಾರಿ ಒಮ್ಮೆ ಜಿಗಿದು, ನಡೆಯತೊಡಗಿತು. ಎಣ್ಣೆ ಅಂಗಿಯಲ್ಲೇ ಮಗ ಗೇಟ್ ಹಿಡಿದು ನಿಂತಿದ್ದರು. ಗೇಟ್ ದಾಟಿದಾಗ ಸೊಸೆ ಚಕ್ರಕ್ಕೆ ನೀರು ಹಾಕಿದರು. ಎಂಟು ಗಂಟೆಯ ಗಡುವಿಗೆ ಇನ್ನೂ ಹದಿನಾಲ್ಕು ತಾಸು ಇತ್ತು.

ಸಾಲೋಟಗಿ ರಸ್ತೆಯ ಮೊದಲ ಚಹಾ ಅಂಗಡಿಯ ಹತ್ತಿರ ಜನ ಎದ್ದು ನಿಂತರು. ಅಜ್ಜ ನನ್ನ ಕೈ ತಟ್ಟಿ ಸಾವಕಾಶ ಮಾಡಿಸಿದರು. ಬಾಗಿಲಿನಿಂದ ಅರ್ಧ ಹೊರಗೆ ಬಾಗಿದರು.

“ನೋಡ್ರಪಾ! ಐವತ್ತೆರಡು ವರ್ಷ ಎಣ್ಣಿ ಕುಡಿಸಿ ಸಾಕೇನಿ. ಒಳಗ ಒಂದ ಚುಕ್ಕಿ ತುಕ್ಕ ಇಲ್ಲ. ಕಾಲೇಜ ಕಲಸಾಕಿ ಅಳದ ನೋಡ್ಯಾಳ. ಹೌದಲ್ಲೇನವಾ?”

ಅಷ್ಟೂ ಜನ ನನ್ನ ಕಡೆ ನೋಡಿದರು. ಆ ಮಾತಿನಲ್ಲಿ ತಪ್ಪು ಹುಡುಕಿದೆ. ಬಿಟ್ಟುಹೋದದ್ದು ಇತ್ತು, ತಪ್ಪು ಇರಲಿಲ್ಲ.

“ಹೌದ್ರಿ,” ಎಂದೆ. ಕ್ಲಚ್ ಎರಡು ಸಲ ತುಳಿದು ಮೂರನೇ ಗೇರಿಗೆ ಹಾಕಿದೆ. ಈ ಸಲ ಸದ್ದಾಗಲಿಲ್ಲ.

ಅಂಗಡಿ ಹಿಂದೆ ಉಳಿಯುವವರೆಗೆ ಅಜ್ಜ ಕೈ ಬೀಸುತ್ತಲೇ ಇದ್ದರು. ಆಮೇಲೆ ಒಳಗೆ ಸರಿದು ಕೂತು, ಧೋತರ ಸರಿಮಾಡಿಕೊಂಡು, ರಸ್ತೆ ನೋಡುತ್ತ ಹೇಳಿದರು:

“ಉಳಿದದ್ದು ನಾವ್ ನಾವ ಇದ್ದಾಗ ಮಾತಾಡೂಣಂತ.”